ಕಾದಂಬರಿಯನ್ನು ಕೊನೆಯಿಂದ ತಿದ್ದಿದೆ

ಕೊನೆಯ ಅಧ್ಯಾಯದಿಂದ ಹಿಂದಕ್ಕೆ ತಿದ್ದುತ್ತಾ ಬರುತ್ತೇನೆ ಅಂದಾಗ ಬರೆಯುವ ಗೆಳೆಯರು ನಕ್ಕರು. ಕಥೆಯ ಓಟವೇ ಸಿಗುವುದಿಲ್ಲ ಅನ್ನುವುದು ಅವರ ತಕರಾರು. ಓಟ ನೋಡಿ ನೋಡಿ ನನಗೆ ಸಾಕಾಗಿತ್ತು. ಪ್ರತಿ ಕರಡಿನಲ್ಲೂ ಮೊದಲ ಐದಾರು ಅಧ್ಯಾಯ ಫಳಫಳ, ಅರ್ಧ ದಾಟುವಷ್ಟರಲ್ಲಿ ಕಣ್ಣು ಸೋತು ಕೊನೆಯದೆಲ್ಲ ಹಸಿಹಸಿ. ಮಧ್ಯೆ ದುಡ್ಡು ಕೊಟ್ಟೂ ತಿದ್ದಿಸಿದೆ. ಒತ್ತಕ್ಷರ, ಮಹಾಪ್ರಾಣ ಎಲ್ಲ ಸರಿಹೋಯಿತು. ಕಥೆ ಇದ್ದಲ್ಲೇ ಇತ್ತು. ಆ ಹಣ ದಂಡ.

ಈ ಸಲ ಕೊನೆಯ ಅಧ್ಯಾಯ ಓದಿ, ಅದು ಹಿಂದಿನ ಅಧ್ಯಾಯಗಳಿಂದ ಏನೇನು ಕೇಳುತ್ತದೆ ಅಂತ ಪಟ್ಟಿ ಮಾಡಿದೆ. ಅಲ್ಲಿ ಅಣ್ಣ ಟ್ರಂಕಿನಿಂದ ಕಾಗದ ತೆಗೆದು ಓದುತ್ತಾನೆ. ಹಾಗಾದರೆ ಟ್ರಂಕು, ಅದರ ಬೀಗದ ಕೈ, ಅವನಿಗೆ ಓದು ಬರುತ್ತದೆ ಅನ್ನುವುದು, ಮೂರೂ ಮೊದಲೇ ಬಂದಿರಬೇಕು ಅಲ್ವಾ? ಬೀಗದ ಕೈ ಇಡೀ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ! ಕರಡು ಓದಿದವರು ಯಾರೂ ಇದನ್ನು ಹಿಡಿದಿರಲಿಲ್ಲ. ಹೀಗೇ ಒಂದೊಂದೇ ಅಧ್ಯಾಯ ಹಿಂದಕ್ಕೆ ಬಂದೆ. ಮುಂದಿನ ಯಾವ ಅಧ್ಯಾಯವೂ ಕೇಳದ ದೃಶ್ಯಕ್ಕೆ ಕತ್ತರಿ. ಮನೆ ಮಾಲೀಕನ ಜಗಳ ನನಗೆ ಬಹಳ ಇಷ್ಟ. ಹತ್ತು ಹನ್ನೆರಡು ಪುಟ, ಪೂರ್ತಿ ಹೋಯಿತು. ಅಜ್ಜಿ ಬೈಯುವ ಒಂದು ಪುಟವನ್ನು ಮಾತ್ರ ಯಾವ ಅಧ್ಯಾಯ ಕೇಳದಿದ್ದರೂ ಉಳಿಸಿಕೊಂಡೆ. ಅಷ್ಟು ಹಟ ಬರೆದವನಿಗೆ ಇರಲಿ.

ಸುಮಾರು 420 ಪುಟ 340ರ ಹತ್ತಿರ ಇಳಿಯಿತು. ಅಚ್ಚಿನವರು 16 ಪುಟದ ಒಂದು ಕಟ್ಟಿಗೆ ಫಾರಂ ಅನ್ನುತ್ತಾರೆ, ಆ ಲೆಕ್ಕದಲ್ಲಿ ಐದು ಫಾರಂ ಉಳಿತಾಯ. ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸುವವರಿಗೆ ಇದು ಸಣ್ಣ ಮಾತಲ್ಲ. ತಿದ್ದಿಸಲು ಕಳೆದದ್ದು ಹೆಚ್ಚುಕಮ್ಮಿ ಕಾಗದದಲ್ಲೇ ವಾಪಸ್ ಬಂತು.

ಸುಮ್ನೆ ಇನ್ನೊಂದೆರಡು ಮಾಡಿ ನೋಡಿದೆ. ‘ಬಂದ’, ‘ಬಂದನು’ ಎರಡೂ ಕಲಸಿಹೋಗಿದ್ದವು. ‘ನು.’ ಅಂತ ಚುಕ್ಕಿ ಸಮೇತ ಹುಡುಕಿದರೆ ಸಾಲಾಗಿ ಸಿಕ್ಕವು. ಜೊತೆಗೆ ‘ನಾನು.’ ಕೂಡ ಬರುತ್ತದೆ, ಹಾಗಾಗಿ ಒಟ್ಟಿಗೇ ಬದಲಿಸಲು ಹೋಗಬೇಡಿ. ಫೋನಿನಿಂದ ಗಟ್ಟಿಯಾಗಿ ಓದಿಸಿಯೂ ಕೇಳಿದೆ. ಸಂಭಾಷಣೆಗೆ ಪ್ರಯೋಜನವಿಲ್ಲ, ಅಜ್ಜಿಗೂ ಮೊಮ್ಮಗನಿಗೂ ಒಂದೇ ದನಿ. ಆದರೆ ಬಿಟ್ಟುಹೋದ ಪದ, ಎರಡು ಸಲ ಬಿದ್ದ ಪದ ತಟ್ಟನೆ ಕಿವಿಗೆ ತಾಗುತ್ತದೆ. ಕಣ್ಣಿಗಿಂತ ಜಾಸ್ತಿ ಹಿಡಿಯಿತು.

ಮೊದಲ ಅಧ್ಯಾಯದ ಸರದಿ ಬರುವಷ್ಟರಲ್ಲಿ ಉಳಿದವೆಲ್ಲ ಅದರಿಂದ ಕೇಳಿದ್ದರ ಪಟ್ಟಿಯೇ ಒಂದೂವರೆ ಪುಟ. ಅಷ್ಟನ್ನೂ ಅದರೊಳಗೆ ತುರುಕದೆ ಹೇಗೆ ಹಂಚಿದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ, ಮುಂದಿನ ಕಾದಂಬರಿಗೆ ಬೇಕು.