ಎಸ್‌ಎಚ್2 ಡೊಮೇನ್ ಏನನ್ನು ಹಿಡಿಯುತ್ತದೆ? ನೀವೇ ಮಾಡಿ ನೋಡಿ

ಕೋಶದ ಮೇಲಿನ ರಿಸೆಪ್ಟರ್‌ಗೆ ಹೊರಗಿನಿಂದ ಇಜಿಎಫ್ (ಕೋಶಕ್ಕೆ ಬೆಳೆಯಲು ಹೇಳುವ ಪ್ರೋಟೀನ್) ಬಂದು ಅಂಟಿದರೆ ಒಳಗೆ ರಾಸ್ ಎಂಬ ಸಂಕೇತದ ಪ್ರೋಟೀನ್ ಎಚ್ಚರಾಗುತ್ತದೆ. ನಡುವಿನ ಕೊಂಡಿ ಗ್ರಬ್2 ಎಂಬ ಪ್ರೋಟೀನ್. ಅದರ ಎಸ್‌ಎಚ್2 ಡೊಮೇನ್, ಅಂದರೆ ಹಿಡಿಯುವ ತುಣುಕು, ಬರೀ 100 ಅಮೈನೋ ಆಮ್ಲಗಳಷ್ಟು. ರಿಸೆಪ್ಟರ್‌ನ ಟೈರೋಸಿನ್ ಎಂಬ ಅಮೈನೋ ಆಮ್ಲದ ಮೇಲೆ ಫಾಸ್ಫೇಟ್ ಇದ್ದರೆ ಮಾತ್ರ ಹಿಡಿಯುತ್ತದೆ. ಎಷ್ಟು ಚಂದದ ಏರ್ಪಾಡು, ಅಲ್ವಾ?

ಹೀಲಾ ಕೋಶಗಳನ್ನು (ಲ್ಯಾಬಿನಲ್ಲಿ ಬೆಳೆಸುವ ಮಾನವ ಕೋಶಗಳು) ಎರಡು ತಟ್ಟೆಗಳಲ್ಲಿ ರಾತ್ರಿಯಿಡೀ ಸೀರಮ್ ಇಲ್ಲದೆ ಇಡಿ. ಬೆಳಗ್ಗೆ ಒಂದು ತಟ್ಟೆಗೆ 5 ನಿಮಿಷ ಇಜಿಎಫ್ ಕೊಡಿ, ಇನ್ನೊಂದಕ್ಕೆ ಬೇಡ. ತಕ್ಷಣ ಎರಡನ್ನೂ ಐಸ್ ಮೇಲಿಡಿ.

ಕೋಶ ಒಡೆಯುವ ಬಫರ್‌ಗೆ 1 ಮಿಲಿಮೋಲಾರ್ ಸೋಡಿಯಂ ಆರ್ಥೋವನಡೇಟ್ ಬೇಕೇ ಬೇಕು. ಇಲ್ಲದಿದ್ದರೆ ಫಾಸ್ಫಟೇಸ್ ಎಂಬ ಕಿಣ್ವಗಳು ಟೈರೋಸಿನ್ ಮೇಲಿನ ಫಾಸ್ಫೇಟ್ ಕಿತ್ತುಹಾಕುತ್ತವೆ. ಮೊದಲ ಸಲ ನಾನು ವನಡೇಟ್‌ನ ಹಳದಿ ಸ್ಟಾಕ್ ಅನ್ನೇ ಸುರಿದುಬಿಟ್ಟೆ, ಬ್ಲಾಟ್ (ಪ್ರೋಟೀನ್‌ಗಳು ಗೆರೆಗಳಾಗಿ ಕಾಣುವ ಹಾಳೆ) ಪೂರ್ತಿ ಖಾಲಿ. ಪಿಎಚ್ 10ಕ್ಕೆ ತಂದು, ಹಳದಿ ಹೋಗಿ ನೀರಿನಂತೆ ತಿಳಿಯಾಗುವವರೆಗೆ ಕುದಿಸಬೇಕು. ಆರಿದ ಮೇಲೆ ಮತ್ತೆ ಪಿಎಚ್ ನೋಡಿ. ಬಣ್ಣ ಮರಳಿದರೆ ಇನ್ನೊಮ್ಮೆ ಕುದಿಸಿ.

ಆಮೇಲೆ ಒಡೆದ ಕೋಶಗಳ ದ್ರವವನ್ನು ಜಿಎಸ್‌ಟಿ-ಎಸ್‌ಎಚ್2 (ಮಣಿಗೆ ಅಂಟುವ ಜಿಎಸ್‌ಟಿ ಪ್ರೋಟೀನ್ ಜೋಡಿಸಿದ ಎಸ್‌ಎಚ್2) ಅಂಟಿಸಿದ ಗ್ಲುಟಥಯೋನ್ ಮಣಿಗಳ ಜೊತೆ 4 ಡಿಗ್ರಿಯಲ್ಲಿ ಎರಡು ಗಂಟೆ ತಿರುಗಿಸಿ, ಮೂರು ಸಲ ತೊಳೆಯಿರಿ. ಪಕ್ಕದಲ್ಲೇ 86ನೇ ಆರ್ಜಿನಿನ್ ಬದಲು ಲೈಸಿನ್ ಇರುವ ಎಸ್‌ಎಚ್2 ಮ್ಯೂಟೆಂಟ್ (ಬದಲಾದ ರೂಪ) ಕೂಡ ಓಡಿಸಿ, ಅದಿಲ್ಲದೆ ಫಲಿತಾಂಶ ನಂಬಬೇಡಿ. ಫಾಸ್ಫೇಟನ್ನು ಹಿಡಿಯುವುದು ಆ ಆರ್ಜಿನಿನ್ನೇ. ಕೊನೆಗೆ ಮಣಿಗಳು ಹಿಡಿದದ್ದನ್ನು ಜೆಲ್‌ನಲ್ಲಿ ಓಡಿಸಿ ಬ್ಲಾಟ್ ಮಾಡಿದರೆ, ಇಜಿಎಫ್ ಕೊಟ್ಟ ಲೇನ್‌ನಲ್ಲಿ (ಸಾಲಿನಲ್ಲಿ) 170 ಕಿಲೋಡಾಲ್ಟನ್ ಹತ್ತಿರ ರಿಸೆಪ್ಟರ್‌ನ ದಪ್ಪ ಗೆರೆ ಬರಬೇಕು. ಮ್ಯೂಟೆಂಟ್ ಲೇನ್‌ನಲ್ಲಿ ಬರಬಾರದು.