‘ಸಿನ್ಸ್’ ಬರೆಯುವ ಮುನ್ನ ‘ಇಂದ’ ನೋಡಿ

ಬಾಗಲಕೋಟೆ ನವನಗರದ ಹುಡುಗರು ಕೆಲಸಕ್ಕೆ ಅರ್ಜಿ ಹಾಕುವಾಗ ಬಯೋಡೇಟಾ ತಂದು ತೋರಿಸುತ್ತಾರೆ. ಬಹಳಷ್ಟರಲ್ಲಿ ಇದೇ ಸಾಲು: ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್.’ ಟೈಪಿಂಗ್ ಅಂಗಡಿಯಲ್ಲಿ ಹಳೆಯ ಫೈಲ್ ಒಂದಿರುತ್ತದೆ, ಹೆಸರು ಬದಲಿಸಿ ಪ್ರಿಂಟ್ ತೆಗೆದು ಕೊಡುತ್ತಾರೆ. ಆ ಒಂದು ಸಾಲಿನಲ್ಲಿ ಎರಡು ತಪ್ಪುಗಳಿವೆ.

ಮೊದಲು, ನಮ್ಮ ‘ಇಂದ’ ಯಾವುದಕ್ಕೆ ಅಂಟಿದೆ ನೋಡಿ. ‘2019ರಿಂದ’, ‘ಸೋಮವಾರದಿಂದ’, ‘ಮದುವೆ ಆದಾಗಿನಿಂದ’ ಇವೆಲ್ಲ ಶುರುವಾದ ಹೊತ್ತು. ಇಲ್ಲಿ ಸಿನ್ಸ್. ‘ಎರಡು ವರ್ಷದಿಂದ’ ಎನ್ನುವುದು ಅವಧಿ. ಇಲ್ಲಿ ಫಾರ್. ‘ಬರುವ ಸೋಮವಾರದಿಂದ’ ಅನ್ನಲು ಫ್ರಮ್, ಯಾಕಂದ್ರೆ ಸಿನ್ಸ್ ಹಿಂದಕ್ಕೆ ಮಾತ್ರ ನೋಡುತ್ತದೆ. ಎರಡನ್ನೂ ಸೇರಿಸಿ ‘ಸಿನ್ಸ್ ಫ್ರಮ್’ ಅಂತ ಬರೆಯಬೇಡಿ.

ಬಸ್ ಸ್ಟ್ಯಾಂಡಿನಲ್ಲಿ ಸಿಗುವ ತೆಳ್ಳನೆ ಗೈಡುಗಳು ಇಷ್ಟಕ್ಕೇ ಮುಗಿಸಿಬಿಡುತ್ತವೆ. ದುಡ್ಡು ದಂಡ. ಜನ ನಿಜವಾಗಿ ಎಡವುವುದು ಇದರ ಮುಂದೆ, ಕ್ರಿಯಾಪದದಲ್ಲಿ.

ಬಾಗಲಕೋಟೆ 1997ರಲ್ಲಿ ಬೇರೆ ಜಿಲ್ಲೆಯಾಯಿತು. ಇಂದಿಗೂ ಜಿಲ್ಲೆಯೇ. ಇದನ್ನು ‘ಬಾಗಲಕೋಟೆ ಈಸ್ ಎ ಡಿಸ್ಟ್ರಿಕ್ಟ್ ಸಿನ್ಸ್ 1997’ ಅಂತ ಬರೆದರೆ ತಪ್ಪು. ‘ಹ್ಯಾಸ್ ಬೀನ್ ಎ ಡಿಸ್ಟ್ರಿಕ್ಟ್’ ಆಗಬೇಕು. ಹಿಂದೆ ಶುರುವಾಗಿ ಈಗಲೂ ನಡೆದಿರುವುದನ್ನು ಹೇಳಲು ಇಂಗ್ಲಿಷಿನಲ್ಲಿ ಬೇರೆ ರೂಪವೇ ಇದೆ. ಕನ್ನಡದಲ್ಲಿ ‘ಮಾಡುತ್ತಿದ್ದೇನೆ’ ಅಂದರೆ ಸಾಕು, ಅದಕ್ಕೇ ‘ಆ್ಯಮ್ ವರ್ಕಿಂಗ್’ ಸಲೀಸಾಗಿ ಬಾಯಿಗೆ ಬರುತ್ತದೆ. ಅಲ್ಲಿ ‘ಹ್ಯಾವ್ ಬೀನ್ ವರ್ಕಿಂಗ್’ ಬರಲಿ. ಆದರೆ ‘ನೋ’ (know, ತಿಳಿದಿರು), ‘ಬಿ’ (be, ಇರು) ತರಹದ ಕ್ರಿಯಾಪದಗಳಿಗೆ ‘ಇಂಗ್’ ಹಚ್ಚಬೇಡಿ. ‘ಐ ಹ್ಯಾವ್ ನೋನ್ ಹಿಮ್ ಸಿನ್ಸ್ 2015’ ಸರಿ.

ಸಿನ್ಸ್ ನಂತರ ಒಂದು ಘಟನೆ ಬಂದರೆ ಅದು ಸಾದಾ ಭೂತಕಾಲದಲ್ಲಿರಲಿ: ‘ಐ ಹ್ಯಾವ್ ಲಿವ್ಡ್ ಇನ್ ಇಳಕಲ್ ಸಿನ್ಸ್ ಐ ಗಾಟ್ ಮ್ಯಾರಿಡ್.’

ಆ ಕೆಲಸ ಬಿಟ್ಟಾಗಿದೆಯೇ? ಹಾಗಿದ್ದರೆ ಸಿನ್ಸ್ ಮುಟ್ಟಲೇಬೇಡಿ. ‘ಐ ವರ್ಕ್ಡ್ ಇನ್ ಮುಧೋಳ ಫಾರ್ ಟೂ ಇಯರ್ಸ್’ ಅಂದರೆ ಆಯಿತು. ಇಲ್ಲಿ ‘ಹ್ಯಾವ್ ಬೀನ್ ವರ್ಕಿಂಗ್’ ಹಾಕಿದರೆ ನೀವಿನ್ನೂ ಮುಧೋಳದಲ್ಲೇ ಇದ್ದೀರಿ ಅಂತ ಇಂಟರ್‌ವ್ಯೂದವರು ತಿಳಿಯುತ್ತಾರೆ. ಫೋನಿನ ಅನುವಾದದ ಆ್ಯಪ್ ನಂಬಿಕೊಂಡು ಕೂರಬೇಡಿ. ನೀವು ಕೆಲಸ ಬಿಟ್ಟಿದ್ದು ಅದಕ್ಕೇನು ಗೊತ್ತು?

ಸಿನ್ಸ್‌ಗೆ ‘ಯಾಕೆಂದರೆ’ ಎಂಬ ಅರ್ಥವೂ ಇದೆ. ತಪ್ಪೇನಲ್ಲ, ಆದರೆ ಅರ್ಜಿಯಲ್ಲಿ ನನಗೆ ಬೇಡವೇ ಬೇಡ. ‘ಸಿನ್ಸ್ ದ ಮ್ಯಾನೇಜರ್ ಲೆಫ್ಟ್, ದ ವರ್ಕ್ ಹ್ಯಾಸ್ ಸ್ಟಾಪ್ಡ್’ ಅಂದರೆ ಕೆಲಸ ನಿಂತಿದ್ದು ಅವರು ಹೋದಾಗಿನಿಂದಲೋ, ಹೋದ ಕಾರಣಕ್ಕೋ? ಓದುವವರಿಗೆ ಗೊಂದಲ. ಕಾರಣವನ್ನೇ ಹೇಳಬೇಕಿದ್ದರೆ ‘ಬಿಕಾಸ್’ ಹಾಕಿಬಿಡಿ.

ಇನ್ನು ‘ಎವರ್ ಸಿನ್ಸ್’. ಅಂದಿನಿಂದ ಇಂದಿನವರೆಗೂ ಎಂದರ್ಥ. ವಾಕ್ಯದ ಕೊನೆಗೆ ಒಂಟಿಯಾಗಿ ನಿಲ್ಲಬಲ್ಲದು: ‘ಹಿ ಕೇಮ್ ಟು ಬಾದಾಮಿ ಇನ್ 2010 ಆ್ಯಂಡ್ ಹ್ಯಾಸ್ ಲಿವ್ಡ್ ದೇರ್ ಎವರ್ ಸಿನ್ಸ್.’ ಅದರ ಮುಂದೆ ಮತ್ತೆ 2010 ಸೇರಿಸುವುದು ಬೇಕಾಗಿಲ್ಲ.