ಕಚೇರಿಯ ಸರ್ವರುಗಳಿಗೆಲ್ಲ ಒಂದೇ ಸಮಯ: ಕ್ರೋನಿ ಅಳವಡಿಸುವ ಬಗೆ

ಕಂಪ್ಯೂಟರಿನೊಳಗಿನ ಸ್ಫಟಿಕ ಗಡಿಯಾರ ದಶಲಕ್ಷಕ್ಕೆ 20 ಭಾಗದಷ್ಟು ತಪ್ಪಿದರೂ ದಿನಕ್ಕೆ ಸುಮಾರು 1.7 ಸೆಕೆಂಡು ಹಿಂದೆಯೋ ಮುಂದೆಯೋ ಸರಿಯುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಎರಡು ಸರ್ವರುಗಳ ಲಾಗ್‌ಗಳನ್ನು, ಅಂದರೆ ಘಟನೆಗಳ ದಾಖಲೆಗಳನ್ನು, ಜೋಡಿಸಿ ಯಾವುದು ಮೊದಲು ನಡೆಯಿತೆಂದು ಹೇಳಲಾಗದು. ಬಳಕೆದಾರರ ಗುರುತನ್ನು ಪರಿಶೀಲಿಸುವ ಕೆರ್ಬೆರೋಸ್ ವ್ಯವಸ್ಥೆಯನ್ನು ಬಳಸುವ ಜಾಲದಲ್ಲಂತೂ ವ್ಯತ್ಯಾಸವು ಸಾಮಾನ್ಯ ಮಿತಿಯಾದ 5 ನಿಮಿಷವನ್ನು ದಾಟಿದರೆ ಲಾಗಿನ್ನೇ ಆಗುವುದಿಲ್ಲ.

ಇದನ್ನು ತಪ್ಪಿಸಲು, ಜಾಲದ ಮೂಲಕ ಸಮಯ ಪಡೆದು ಯಂತ್ರದ ಗಡಿಯಾರವನ್ನು ಹೊಂದಿಸುವ ತಂತ್ರಾಂಶವೇ ಕ್ರೋನಿ. ಪ್ರತಿಯೊಂದು ಯಂತ್ರವನ್ನೂ ನೇರವಾಗಿ ಹೊರಗಿನ ಸಮಯ ಸರ್ವರಿಗೆ ಜೋಡಿಸುವ ಬದಲು ಮೂರು ಯಂತ್ರಗಳನ್ನು ಒಳಗಿನ ಸಮಯ ಸರ್ವರುಗಳನ್ನಾಗಿ ಆರಿಸಿ, ಉಳಿದವೆಲ್ಲ ಅವುಗಳಿಂದಲೇ ಸಮಯ ಪಡೆಯುವಂತೆ ಮಾಡಿರಿ. ಆ ಮೂರಕ್ಕೂ ಹೊರಗಿನ ಮೂಲಗಳು ನಾಲ್ಕಿದ್ದರೆ ಉತ್ತಮ. ಎರಡೇ ಮೂಲಗಳಿದ್ದು ಅವು ಪರಸ್ಪರ ಒಪ್ಪದಿದ್ದಾಗ ಯಾವುದನ್ನು ನಂಬಬೇಕೆಂದು ತಂತ್ರಾಂಶಕ್ಕೆ ತಿಳಿಯುವ ದಾರಿಯಿಲ್ಲ. ನಾಲ್ಕಿದ್ದರೆ ಒಂದು ಕೈಕೊಟ್ಟಾಗಲೂ ಉಳಿದ ಮೂರರಲ್ಲಿ ತಪ್ಪು ಹೇಳುತ್ತಿರುವ ಒಂದನ್ನು ಗುರುತಿಸಬಹುದು. ಭಾರತದಲ್ಲಿರುವ ಸಂಸ್ಥೆಗಳು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವಾದ ಎನ್ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸರ್ವರುಗಳನ್ನಾಗಲಿ, ಅವುಗಳಿಂದ ಸಮಯ ಪಡೆಯುವ ಸರ್ವರುಗಳನ್ನಾಗಲಿ ಅನುಸರಿಸಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಹೊರಡಿಸಿದ್ದು, ಮೂಲಗಳ ಆಯ್ಕೆಯನ್ನು ಅಲ್ಲಿಂದಲೇ ಆರಂಭಿಸುವುದು ಸರಿ.

ಕ್ರೋನಿಯ ಸಂರಚನಾ ಕಡತದಲ್ಲಿ ಪ್ರತಿ ಸರ್ವರಿನ ಸಾಲಿಗೂ 'ಐಬರ್ಸ್ಟ್' ಸೇರಿಸಿದರೆ ಮೊದಲ ಹೊಂದಾಣಿಕೆ ಬೇಗ ಮುಗಿಯುತ್ತದೆ. 'ಮೇಕ್‌ಸ್ಟೆಪ್ 1 3' ಎಂಬ ಸಾಲು, ಸೇವೆ ಆರಂಭವಾದ ನಂತರದ ಮೊದಲ ಮೂರು ಹೊಂದಾಣಿಕೆಗಳಲ್ಲಿ ವ್ಯತ್ಯಾಸ 1 ಸೆಕೆಂಡಿಗಿಂತ ಹೆಚ್ಚಿದ್ದರೆ ಮಾತ್ರ ಗಡಿಯಾರವನ್ನು ಒಮ್ಮೆಲೇ ಜಿಗಿಸಲು ಅನುಮತಿ ಕೊಡುತ್ತದೆ. ಆಮೇಲೆ ವೇಗವನ್ನು ತುಸು ಹೆಚ್ಚು ಕಡಿಮೆ ಮಾಡಿ ನಿಧಾನವಾಗಿಯೇ ತಿದ್ದಬೇಕು. ಡೇಟಾಬೇಸ್ ಓಡುತ್ತಿರುವ ಯಂತ್ರದಲ್ಲಿ ಈ ಮಿತಿಯನ್ನು ಎಂದೂ ಸಡಿಲಿಸಬಾರದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಸಮಯ ಹಿಂದಕ್ಕೆ ಜಿಗಿದರೆ ನಂತರ ಬರೆದ ದಾಖಲೆಗೆ ಮೊದಲಿನ ಮುದ್ರೆ ಬೀಳುತ್ತದೆ. ಒಳಗಿನ ಸರ್ವರುಗಳಲ್ಲಿ 'ಅಲೌ' ಸಾಲಿನಿಂದ ನಿಮ್ಮ ಜಾಲದ ವಿಳಾಸಗಳಿಗಷ್ಟೇ ಅವಕಾಶ ಕೊಟ್ಟು, ಫೈರ್‌ವಾಲ್‌ನಲ್ಲಿ ಯುಡಿಪಿ 123ನೇ ಪೋರ್ಟನ್ನು ತೆರೆಯಿರಿ.

ಬಳಿಕ 'ಕ್ರೋನಿಸಿ ಸೋರ್ಸಸ್' ಆದೇಶ ಕೊಟ್ಟು ನೋಡಿರಿ. ನಕ್ಷತ್ರ ಚಿಹ್ನೆಯಿರುವ ಸಾಲೇ ಸದ್ಯ ಆಯ್ಕೆಯಾಗಿರುವ ಮೂಲ. 'ರೀಚ್' ಅಂಕಣದಲ್ಲಿ 377 ಕಂಡರೆ ಗಾಬರಿ ಬೇಡ: ಅದು ಅಷ್ಟಮಾನ ಸಂಖ್ಯೆ, ಕಳೆದ ಎಂಟು ವಿಚಾರಣೆಗಳಿಗೂ ಉತ್ತರ ಬಂದಿದೆ ಎಂದರ್ಥ. ಅಲ್ಲಿ ಸೊನ್ನೆಯೇ ಉಳಿದಿದ್ದರೆ ಮೊದಲು ಫೈರ್‌ವಾಲನ್ನು ಪರೀಕ್ಷಿಸಿರಿ.

ವರ್ಚುವಲ್ ಯಂತ್ರಗಳಲ್ಲಿ ಆತಿಥೇಯ ವ್ಯವಸ್ಥೆಯ ಸಮಯ ತಿದ್ದುವ ಸೌಲಭ್ಯ ಮತ್ತು ಕ್ರೋನಿ ಎರಡೂ ಒಟ್ಟಿಗೆ ನಡೆಯುತ್ತಿದ್ದರೆ ಒಂದನ್ನು ನಿಲ್ಲಿಸಿರಿ. ವ್ಯತ್ಯಾಸವು ಕರಾರುವಾಕ್ಕಾಗಿ ಐದೂವರೆ ಗಂಟೆಯಿದ್ದರೆ ಕ್ರೋನಿಯನ್ನು ದೂರಬೇಡಿ. ಅದು ಯುಟಿಸಿ ಎಂಬ ಜಾಗತಿಕ ಪ್ರಮಾಣಿತ ಸಮಯವನ್ನಷ್ಟೇ ಹೊಂದಿಸುತ್ತದೆ, ಸರಿಪಡಿಸಬೇಕಾದದ್ದು ಆ ಯಂತ್ರದ ಸಮಯವಲಯ.